ಊರಮ್ಮ

ನನ್ನ ಮಗಳಿಗೆ ಎರಡು ವರ್ಷ ತುಂಬಿದ ಮೇಲಿನ ಮೊದಲ ಚಳಿಗಾಲದಲ್ಲಿ ಅವಳಿಗೆ ಉಬ್ಬಸ ಶುರುವಾಯಿತು.

ಸುಗಟೂರಿನ ಪಕ್ಕದ ಹಳ್ಳಿ ನಮ್ಮದು. ರೇಷ್ಮೆ ಹುಳು ಸಾಕುವ ಮನೆ. ಅರ್ಧ ಮನೆ ನಮಗೆ, ಅರ್ಧ ಹುಳುಗಳಿಗೆ, ನಡುವೆ ಒಂದು ಗೋಡೆ, ಒಂದು ಬಾಗಿಲು. ಚಳಿಗೆ ಹುಳುಗಳು ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ಕಾರ್ತಿಕ ಮಾಸ ಮುಗಿಯುತ್ತಿದ್ದಂತೆ ಹುಳುಮನೆಯ ಮೂಲೆಗಳಲ್ಲಿ ಇದ್ದಿಲ ಒಲೆ ಇಟ್ಟು ಬೆಚ್ಚಗೆ ಮಾಡುತ್ತಿದ್ದೆವು. ಹುಳು ಪೊರೆ ಕಳಚುವ ಹೊತ್ತನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಆ ಪುಡಿ ಎಷ್ಟು ನಯವೆಂದರೆ, ಆಚೆ ಕಡೆ ಉದುರಿಸಿದ್ದು ಈಚೆ ಕಡೆಯ ಅನ್ನದ ತಪ್ಪಲೆಯ ಮುಚ್ಚಳದ ಮೇಲೆ ಕೂತಿರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ಒರೆಸಿಕೊಂಡೇ ಬಂದಿದ್ದೆ. ಅದು ಯಾರಿಗಾದರೂ ಕೆಡುಕು ಮಾಡೀತು ಎಂದು ನನಗಾಗಲಿ, ಆ ಮನೆಯಲ್ಲಿ ಮೂವತ್ತು ವರ್ಷ ಹುಳು ಸಾಕಿದ ಅತ್ತೆಗಾಗಲಿ ಹೊಳೆದಿರಲಿಲ್ಲ.

ಮೊದಲು ನೆಗಡಿ ಅಂದುಕೊಂಡೆವು. ಅತ್ತೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಕುಡಿಸಿದರು. ನಾನು ಎದೆಗೆ ಬಿಸಿ ಎಣ್ಣೆ ಸವರಿ, ಟೋಪಿ ಹಾಕಿ, ಸೆರಗಲ್ಲಿ ಸುತ್ತಿಕೊಂಡು ಕೂರುತ್ತಿದ್ದೆ. ಆಗಿನ್ನೂ ಅವಳಿಗೆ ಹಾಲು ಬಿಡಿಸಿರಲಿಲ್ಲ. ಎದೆಗೆ ಬಾಯಿಟ್ಟವಳು ಎರಡು ಗುಟುಕು ಕುಡಿದು, ಉಸಿರಿಗಾಗಿ ಬಾಯಿ ತೆಗೆದು ನನ್ನ ಮುಖ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ಮಂಜು ದಟ್ಟವಾಗಿ ಬಿದ್ದಿದ್ದಾಗ, ಅವಳು ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುವುದನ್ನು ನನ್ನ ಗಂಡ ಕಂಡರು. ಕೈಯಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ಕಟ್ಟನ್ನು ಅಲ್ಲೇ ಹಾಕಿ ಬೈಕ್ ತೆಗೆದರು.

ಕೋಲಾರದ ಆಸ್ಪತ್ರೆಯಲ್ಲಿ ಮಗುವಿನ ಮೂಗು ಬಾಯಿಗೆ ಮಾಸ್ಕ್ ಇಟ್ಟು ಹೊಗೆಯಂತಹ ಔಷಧಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಎದೆಯ ಗೊರಗೊರ ಕಡಿಮೆಯಾಗಿ ನನ್ನ ತೋಳಲ್ಲೇ ನಿದ್ದೆಹೋದಳು. ಮಕ್ಕಳ ಡಾಕ್ಟರು ಹೆಂಗಸು, ಸಮಾಧಾನದಿಂದ ಕೇಳಿದರು, ಮನೆಯಲ್ಲಿ ಏನೇನಿದೆ, ಯಾವ ಕೆಲಸ ಮಾಡುತ್ತೀರಿ ಅಂತ. ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಇದ್ದಿಲ ಹೊಗೆ, ಸುಣ್ಣ, ಹುಳುಮನೆ ತೊಳೆಯೋ ಬ್ಲೀಚಿಂಗ್ ಪೌಡರ್. ಇದರ ಮಧ್ಯೆ ಈ ಮಗೂನ ಇಟ್ಕೊಂಡು ನಾನು ಎಷ್ಟು ಔಷಧಿ ಕೊಟ್ರೂ ಅಷ್ಟೇ. ಹುಳ ನಿಲ್ಲಿಸಿ, ಇಲ್ಲಾಂದ್ರೆ ಮಗೂನ ಬೇರೆ ಕಡೆ ಇಡಿ. ಚಳಿ ಮುಗಿಯೋವರೆಗಾದ್ರೂ."

ಹುಳು ನಿಲ್ಲಿಸಿದರೆ ನಮಗೆ ಬೇರೆ ದಾರಿ ಇರಲಿಲ್ಲ. ಇದ್ದ ಭೂಮಿಯೆಲ್ಲ ಹಿಪ್ಪುನೇರಳೆಯೇ. ಆ ಸಂಜೆ ನಾನು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಟೇಕಲ್. ನಾನು ಸಣ್ಣವಳಿದ್ದಾಗಲೇ ಅಮ್ಮ ತೀರಿಕೊಂಡಳು. ಅಕ್ಕ ಸ್ಕೂಲು ಬಿಟ್ಟು ಅಪ್ಪನಿಗೂ ನನಗೂ ಅಡುಗೆ ಮಾಡಿ ಹಾಕಿದಳು, ನನ್ನ ತಲೆ ಬಾಚಿದಳು, ಹೇನು ಹೆಕ್ಕಿದಳು. ನಾನು ದೊಡ್ಡವಳಾದಾಗ ಕೂರಿಸಿ ಆರತಿ ಎತ್ತಿಸಿದವಳೂ ಅವಳೇ. ನನ್ನ ಓದು ಮುಗಿಯುವವರೆಗೂ ಮದುವೆ ಬೇಡವೆಂದು ಕೂತಳು. ತಡವಾಗಿ ಮದುವೆಯಾಗಿ ಮುಳಬಾಗಿಲಿಗೆ ಹೋದಳು. ಭಾವ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವವರು, ಮನೆಮಾತು ತೆಲುಗು, ಒಳ್ಳೆಯ ಮನುಷ್ಯರು. ಅಕ್ಕನಿಗೆ ಗರ್ಭ ನಿಲ್ಲಲಿಲ್ಲ. ಒಂದು ಸಲವಲ್ಲ. ಕೊನೆಯದು ಏಳನೇ ತಿಂಗಳಿಗೆ ಹೋಯಿತು. ಅದಾದ ಮೇಲೆ ಅವಳೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ನನ್ನ ಫೋನು ಬಂದ ಮರುದಿನ ಬೆಳಗಿನ ಬಸ್ಸಿಗೇ ಅಕ್ಕ ಬಂದಳು. ಒಳಗೆ ಬಂದು ಕೂರಲೂ ಇಲ್ಲ.

"ಬಟ್ಟೆ ಎಲ್ಲಿವೆ ಕೊಡು. ಚಳಿ ಮುಗಿಯೋವರೆಗೂ ನನ್ನ ಹತ್ರ ಇರ್ಲಿ. ನಮ್ಮನೇಲಿ ಧೂಳಿಲ್ಲ, ಹೊಗೆಯಿಲ್ಲ. ನಿಂಗೇನ್ ಯೋಚನೆ?"

"ಹಾಲು ಬಿಡಿಸಿಲ್ಲ ಅಕ್ಕ."

"ಬಿಡಿಸ್ತೀನಿ. ನಿಂಗೆ ಬೆಲ್ಲದ ನೀರು ಚೀಪಿಸಿ ಬೆಳೆಸಿಲ್ವಾ ನಾನು?"

ಮಗಳಿಗೆ ಬಸ್ಸೆಂದರೆ ಇಷ್ಟ. ಅಕ್ಕನ ಸೊಂಟದ ಮೇಲೆ ಕೂತು, ಕಿಟಕಿಯಿಂದ ಕೈ ಬೀಸಿ ಹೋದಳು. ನಾನು ಮನೆಗೆ ಬಂದು ಸೊಪ್ಪು ಹಾಕಿದೆ. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಆ ಹೊತ್ತಲ್ಲಿ ಅವುಗಳ ಹಸಿವು ಹೇಳತೀರದು. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕಡಿಯುವ ಸದ್ದು ಸಣ್ಣ ಮಳೆ ಹುಯ್ದ ಹಾಗೆ ಕೇಳುತ್ತದೆ. ಆ ಸದ್ದಿನ ಮಧ್ಯೆ ನಿಂತಿದ್ದಾಗ ರವಿಕೆ ಎದೆಯ ಹತ್ತಿರ ಒದ್ದೆಯಾಯಿತು. ಅದು ಮಗಳು ಹಾಲು ಕುಡಿಯುವ ಹೊತ್ತು. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿದೆ. ಅತ್ತೆ ಎದೆಗೆ ಮಲ್ಲಿಗೆ ಹೂವು ಕಟ್ಟಿಕೊ, ಹಾಲು ಬತ್ತುತ್ತದೆ ಅಂದರು. ಆ ಚಳಿಯಲ್ಲಿ ಮಲ್ಲಿಗೆ ಎಲ್ಲಿ ಸಿಗಬೇಕು. ತಾನಾಗಿಯೇ ಬತ್ತಿತು.

ಹುಳುವಿನ ಬೆಳೆ ಇಲ್ಲದ ದಿನಗಳಲ್ಲಿ ಭಾನುವಾರ ಕೋಲಾರಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ ಮುಳಬಾಗಿಲಿಗೆ ಹೋಗುತ್ತಿದ್ದೆ. ಮೊದಮೊದಲು ಮಗಳು ನನ್ನನ್ನು ಕಂಡರೆ ಓಡಿಬರುತ್ತಿದ್ದಳು. ವಾಪಸು ಹೊರಡುವಾಗ ಅವಳ ಕಣ್ಣು ತಪ್ಪಿಸಬೇಕಿತ್ತು. ಅಕ್ಕ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ನೆನೆಹಾಕಿದ ಅವರೆಕಾಳನ್ನು ಮುಂದಿಡುತ್ತಿದ್ದಳು. ಕಾಳನ್ನು ಎರಡು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕೈಲಿ ಉಳಿದು ಬೇಳೆ ಚಿಮ್ಮಿ ಹೋಗುತ್ತದೆ. ಮಗಳು ಅದನ್ನು ಭಾವನ ಬೋಳುತಲೆಗೆ ಗುರಿಯಿಟ್ಟು ಹಾರಿಸಿ ನಗುತ್ತಿದ್ದಳು. ಆ ನಗು ಕೇಳಿಸುವಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದ ಹೊರಗೆ ಬರುತ್ತಿದ್ದೆ. ನಗು ಕೇಳಿದಾಗ ಖುಷಿಯಾಗಬೇಕಿತ್ತು. ಉಸಿರು ಕಟ್ಟದೆ ನಗುತ್ತಿದ್ದಾಳಲ್ಲ ಎಂದು ದೇವರಿಗೆ ಕೈ ಮುಗಿಯಬೇಕಿತ್ತು. ಮುಗಿಯುತ್ತಲೂ ಇದ್ದೆ. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಷ್ಟು ಸಲ ಅತ್ತಿದ್ದೇನೋ.

ಶಿವರಾತ್ರಿ ಕಳೆದ ಮೇಲೆ ಮಗಳನ್ನು ಮನೆಗೆ ಕರೆತಂದೆವು. ಇದ್ದಿಲ ಒಲೆ ಎತ್ತಿಟ್ಟಾಗಿತ್ತು. ಕೈಕಾಲು ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಬಂದಿದ್ದಳು. ಹೊಸ ಬೆಳೆಯ ಹುಳುಗಳು ಜ್ವರಕ್ಕೆ ಕೂತಾಗ, ಬಾಗಿಲಿಗೆ ಹಸಿ ಗೋಣಿಚೀಲ ತೂಗುಹಾಕಿ, ಅತ್ತೆಯ ಜೊತೆ ಅವಳನ್ನು ಹೊರಗೆ ಕಳಿಸಿ ಸುಣ್ಣ ಉದುರಿಸಿದೆವು. ಆದರೂ ಎರಡು ದಿನಕ್ಕೆ ಎದೆ ಗೊರಗುಟ್ಟಿತು. ಈ ಸಲ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಆಮ್ಲಜನಕದ ಕೊಳವೆ ಮೂಗಿಗೆ ಇಟ್ಟುಕೊಂಡು ಮಲಗಿದ್ದವಳು, ಬಾಗಿಲಲ್ಲಿ ಅಕ್ಕ ಕಂಡೊಡನೆ ಎರಡೂ ಕೈ ಚಾಚಿದಳು. ನಾನು ಪಕ್ಕದಲ್ಲೇ ಮಂಚದ ಮೇಲೆ ಕೂತಿದ್ದೆ.

ಅಲ್ಲಿಂದ ನೇರವಾಗಿ ಮುಳಬಾಗಿಲಿಗೇ ಹೋದಳು. ನನ್ನ ಗಂಡ ಆಗಲೇ ಒಂದು ನಿರ್ಧಾರ ಮಾಡಿದರು. ಹೊಲದ ಆಚೆ ಕೊನೆಯಲ್ಲಿ, ಮನೆಯಿಂದ ದೂರ, ಹುಳುಗಳಿಗೆ ಬೇರೆ ಶೆಡ್ ಕಟ್ಟುವುದು. ಕರೆಂಟಿನ ಹೀಟರ್ ಇಡುವುದು. ಮನೆಯನ್ನು ಪೂರ್ತಿ ತೊಳೆದು ಮಗಳಿಗೆ ಬಿಡುವುದು. ಕೇಳುವುದಕ್ಕೆ ಸುಲಭ. ಒಂದು ಬೆಳೆ ಚೆನ್ನಾಗಿ ಬಂದರೆ ಪಾಯ, ಇನ್ನೊಂದು ಬಂದರೆ ಗೋಡೆ, ಮೂರನೆಯದು ಸುಣ್ಣಕಟ್ಟು ರೋಗ ಬಂದು ಸತ್ತರೆ ಗೋಡೆ ಹಾಗೇ ನಿಲ್ಲುತ್ತಿತ್ತು. ಸಂಜೆ ಹೊತ್ತು ಇಬ್ಬರೂ ಹೋಗಿ ಆ ಅರ್ಧ ಗೋಡೆಗೆ ನೀರು ಹೊಡೆದು ಬರುತ್ತಿದ್ದೆವು.

ಮುಂದಿನ ಚಳಿಗಾಲ ಬಂತು. ಅಷ್ಟರಲ್ಲಿ ಮಗಳ ಬಾಯಿಗೆ ತೆಲುಗು ಬಂದಿತ್ತು. ಅಕ್ಕನನ್ನು ದೊಡ್ಡಮ್ಮ ಅನ್ನಲು ನಾನು ಕಲಿಸಿದ್ದೆ. ಆ ಮನೆಯಲ್ಲಿ ಅದು ಪೆದ್ದಮ್ಮ ಆಯಿತು. ಮಕ್ಕಳ ನಾಲಿಗೆಗೆ ಉದ್ದದ ಮಾತು ಭಾರ. ಒಂದು ಭಾನುವಾರ ಹೋದಾಗ ಪೆದ್ದ ಉದುರಿಹೋಗಿ ಬರೀ ಅಮ್ಮ ಉಳಿದಿತ್ತು. ಮಗಳು ಅಡುಗೆಮನೆಯ ಕಡೆ ತಿರುಗಿ "ಅಮ್ಮಾ" ಎಂದು ಕೂಗಿದಳು. ನಾನು "ಏನ್ ಕಂದ" ಅಂದೆ. ಅವಳು ನನ್ನನ್ನು ನೋಡಿ, ನಾನಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿ ಒಳಗೆ ಓಡಿದಳು.

ಅಕ್ಕನ ಮುಖ ಸಣ್ಣದಾಯಿತು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ನಾನು ಹೇಳ್ಕೊಟ್ಟಿಲ್ಲ ಕಣೇ. ಆಣೆ ಮಾಡ್ತೀನಿ. ಬೇಡ ಅಂತ ತಿದ್ದಿದೀನಿ."

"ತಿದ್ದಬೇಡ ಬಿಡು. ಮಗು ಅಲ್ವಾ" ಅಂದೆ.

ಹಾಗಾದರೆ ನಾನು ಯಾರು ಎಂಬ ಪ್ರಶ್ನೆ ಮಗಳಿಗೂ ಬಂದಿರಬೇಕು. ಅವಳೇ ಒಂದು ಹೆಸರು ಹುಡುಕಿದಳು. ಊರಿನಿಂದ ಬರುವ ಅಮ್ಮ, ಊರಮ್ಮ. ಊರಮ್ಮ ಅಂದರೆ ನಮ್ಮ ಕಡೆ ಊರ ಗಡಿಯಲ್ಲಿರುವ ಗ್ರಾಮದೇವತೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕಪಕ್ಕದವರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಹೋದಾಗಲೆಲ್ಲ ಬೀದಿಯ ಮಕ್ಕಳು "ಊರಮ್ಮ ಬಂದ್ಲು" ಎಂದು ಒಳಗೆ ಓಡಿ ಸುದ್ದಿ ಮುಟ್ಟಿಸುತ್ತಿದ್ದವು.

ಆ ವರ್ಷ ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಅಕ್ಕನ ಮನೆಯಲ್ಲಿ ಮಗಳಿಗೆ ಹಣ್ಣೆರೆಯುವ ಶಾಸ್ತ್ರ ಇಟ್ಟುಕೊಂಡಿದ್ದರು. ಆ ಕಡೆಯ ತೆಲುಗಿನವರ ಪದ್ಧತಿ ಅದು. ಸಂಜೆ ಪುಟ್ಟ ಮಗುವನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ತುಂಡು, ಹೂವು, ಚಿಲ್ಲರೆ ಕಾಸು ಸೇರಿಸಿ ತಲೆಯ ಮೇಲೆ ಸುರಿಯುತ್ತಾರೆ. ದೃಷ್ಟಿ ಹೋಗಲಿ, ಆಯಸ್ಸು ಹೆಚ್ಚಲಿ ಎಂದು. ಹುಳುಗಳನ್ನು ಗಂಡನಿಗೂ ಅತ್ತೆಗೂ ಒಪ್ಪಿಸಿ ನಾನು ಹೋಗಿದ್ದೆ. ಅಕ್ಕ ಮಗಳಿಗೆ ಹಸಿರು ರೇಷ್ಮೆಯ ಲಂಗ ಹೊಲಿಸಿದ್ದಳು. ನೆರೆಮನೆಯ ಹೆಂಗಸರೆಲ್ಲ ಸೇರಿದ ಮೇಲೆ, ಭಾವನ ಕಡೆಯ ಹಿರಿಯಮ್ಮನೊಬ್ಬರು ಮೊದಲು ತಾಯಿ ಎರೆಯಲಿ ಎಂದು ತೆಲುಗಿನಲ್ಲಿ ಹೇಳಿದರು.

ಅಕ್ಕನ ಕೈಯಲ್ಲಿ ಹಣ್ಣಿನ ಬಟ್ಟಲಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ತನಗೇ ಗೊತ್ತಿಲ್ಲದೆ ಇಟ್ಟಳು, ಅದು ನನಗೆ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ನೆನಪಾಗಿ ನಿಂತು, ತಿರುಗಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಅವಳ ಬೆರಳು ತಣ್ಣಗಿದ್ದವು. ನಾನು ಎರೆದೆ. ಹಣ್ಣು ತಲೆಯ ಮೇಲೆ ಬೀಳುವಾಗ ಮಗಳು ಕಣ್ಣು ಮುಚ್ಚಿ, ಒಂದು ಕೈಯನ್ನು ಪಕ್ಕಕ್ಕೆ ಚಾಚಿ ಅಕ್ಕನ ಸೀರೆ ಹಿಡಿದುಕೊಂಡಿದ್ದಳು.

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಮಗಳಿಗೆ ಪಫ್ ಕೊಡುವ ಹೊತ್ತಿಗೆ ನಾನು ಕೊಡುತ್ತೇನೆಂದು ಹೋದೆ. ಡಬ್ಬಿಯಂತಹ ಕೊಳವೆಗೆ ಔಷಧಿ ಸಿಕ್ಕಿಸಿ, ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯಬೇಕು. ಮಗಳು ಮುಖ ಕೊಡಲಿಲ್ಲ. ಅಕ್ಕ ಬಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನೋ ಹಾಡಿನ ಹಾಗೆ ಗುನುಗುತ್ತಾ ಮಾಸ್ಕ್ ಇಟ್ಟಳು. ಮಗಳು ಆ ಗುನುಗಿಗೆ ಸರಿಯಾಗಿ ಉಸಿರೆಳೆದು ಬಿಟ್ಟಳು. ಆ ಉಸಿರನ್ನು ಉಳಿಸಿದವಳು ನನ್ನ ಅಕ್ಕ. ಅದನ್ನು ನಾನು ಯಾವತ್ತೂ ಮರೆತಿಲ್ಲ. ಮರೆಯಲು ಬಿಡುವವರೂ ಯಾರಿರಲಿಲ್ಲ. ಅತ್ತೆ ಹೇಳುತ್ತಿದ್ದರು, ಗಂಡ ಹೇಳುತ್ತಿದ್ದರು, ಸಿಕ್ಕವರೆಲ್ಲ ಹೇಳುತ್ತಿದ್ದರು, ಇಂಥ ಅಕ್ಕ ಯಾರಿಗೆ ಸಿಗ್ತಾಳೆ, ನೀನು ಪುಣ್ಯವಂತೆ. ಹೌದು ಅನ್ನುತ್ತಿದ್ದೆ. ಒಬ್ಬರ ಮೇಲೆ ಕೋಪ ಮಾಡಿಕೊಳ್ಳಬಹುದಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಾರ ಮೇಲೆ ಮಾಡಿಕೊಳ್ಳುವುದು? ಎಲ್ಲರೂ ಒಳ್ಳೆಯವರು.

ಮಗಳನ್ನು ಮುಳಬಾಗಿಲಿನ ಸ್ಕೂಲಿಗೇ ಸೇರಿಸಿದೆವು. ಎಲ್‌ಕೆಜಿಯ ಮೊದಲ ದಿನ ನಮ್ಮ ಹುಳುಗಳು ಗೂಡು ಕಟ್ಟುವ ದಿನವಾಗಿತ್ತು. ಹಣ್ಣಾದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಒಂದು ಗಳಿಗೆಯೂ ಕಾಯುವುದಿಲ್ಲ. ಅಕ್ಕ ಫೋನಿನಲ್ಲಿ ಫೋಟೋ ಕಳಿಸಿದಳು. ಎರಡು ಜಡೆ, ಕೆಂಪು ರಿಬ್ಬನ್. ಹುಳು ಹಿಡಿದ ಕೈ ತೊಳೆಯದೆ ಫೋನು ಮುಟ್ಟಲಾರದೆ, ಗಂಡ ಹಿಡಿದು ತೋರಿಸಿದ್ದನ್ನು ದೂರದಿಂದಲೇ ನೋಡಿದೆ.

ಶೆಡ್ಡು ಮುಗಿದಿದ್ದು ಹೋದ ವರ್ಷ. ಮನೆಯ ಆ ಅರ್ಧ ಭಾಗವನ್ನು ಮೂರು ಸಲ ತೊಳೆದು, ಹೊಸ ನೆಲ ಹಾಕಿಸಿ, ಗೋಡೆಗೆ ತಿಳಿನೀಲಿ ಬಣ್ಣ ಬಳಿಸಿದೆವು. ಕಿಟಕಿಯ ಪಕ್ಕ ಒಂದು ಸಣ್ಣ ಮೇಜು. ಅಷ್ಟೂ ಸಾಲದೆಂದು ಈ ಚಳಿಗಾಲದ ಬೆಳೆಯನ್ನೇ ತೆಗೆದುಕೊಳ್ಳುವುದು ಬೇಡ ಎಂದು ಗಂಡ ಹೇಳಿದರು. ಕೋಲಾರದ ಅದೇ ಡಾಕ್ಟರು ಮಗಳ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಪರವಾಗಿಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದರು. ಅವಳಿಗೆ ಆರು ವರ್ಷವಾಗಿತ್ತು. ಕ್ರಿಸ್‌ಮಸ್ ರಜೆಗೆ ಬಂದು ಹೊಂದಿಕೊಳ್ಳಲಿ, ಮುಂದಿನ ವರ್ಷದಿಂದ ಇಲ್ಲೇ ಸ್ಕೂಲಿಗೆ ಸೇರಿಸಿದರಾಯಿತು ಎಂದು ಮಾತಾಯಿತು. ಅಕ್ಕ ಎಲ್ಲದಕ್ಕೂ ಹೂಂ ಅಂದಳು. ಬಟ್ಟೆಗಳನ್ನು ಮಡಿಸಿ, ಪಫ್ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಚೀಲ ತುಂಬಿ ಕೊಟ್ಟಳು. ಬಸ್ ಸ್ಟ್ಯಾಂಡಿಗೆ ಬರಲಿಲ್ಲ.

ಮೊದಲ ದಿನ ಮಗಳು ಚೆನ್ನಾಗಿಯೇ ಇದ್ದಳು. ಹಸುವಿನ ಕರುವನ್ನು ಮುಟ್ಟಿದಳು, ಮೇಜಿನ ಮೇಲೆ ಚಿತ್ರ ಬರೆದಳು. ದೀಪ ಹಚ್ಚುವ ಹೊತ್ತಿಗೆ ಮಾತು ನಿಂತಿತು. ರಾಗಿ ಮುದ್ದೆ ಮುರಿದು, ಸೊಗಡಿನ ಅವರೆಕಾಯಿ ಸಾರಲ್ಲಿ ಅದ್ದಿ ಬಾಯಿಗಿಟ್ಟೆ. ನುಂಗಲಿಲ್ಲ. ತುತ್ತು ಬಾಯಲ್ಲೇ ಇಟ್ಟುಕೊಂಡು ಅಳತೊಡಗಿದಳು. "ಅಮ್ಮ ಕಾವಾಲಿ, ಅಮ್ಮ ಕಾವಾಲಿ." ಅಮ್ಮ ಬೇಕು ಎಂದು ತೆಲುಗಿನಲ್ಲಿ.

ಎತ್ತಿಕೊಂಡು ಎದೆಗೆ ಒತ್ತಿಕೊಂಡೆ. "ಅಮ್ಮ ಇಲ್ಲೇ ಇದೀನಲ್ಲ ಕಂದ. ನೋಡು, ನಾನೇ ಅಮ್ಮ."

ಅವಳು ನನ್ನ ಭುಜವನ್ನು ಎರಡೂ ಕೈಯಿಂದ ತಳ್ಳಿ ಮುಖ ಹಿಂದಕ್ಕೆ ಎಳೆದುಕೊಂಡಳು. ಸಿಟ್ಟಿರಲಿಲ್ಲ. ನನಗೆ ಅರ್ಥ ಮಾಡಿಸಬೇಕು ಎನ್ನುವ ಹಾಗಿತ್ತು. "ನುವ್ವು ಕಾದು" ಅಂದಳು.

ನೀನಲ್ಲ.

ಗಂಡ ಎದ್ದು ಹೊರಗೆ ಹೋದರು. ಅತ್ತೆ ದೇವರ ಮುಂದಿನ ಕುಂಕುಮ ತಂದು ಮಗುವಿನ ಹಣೆಗಿಟ್ಟರು. ನಾನು ಅಕ್ಕನಿಗೆ ಫೋನ್ ಮಾಡಿದೆ. ಮಗಳಿಗೆ ಕೊಡೋಣವೆಂದರೆ ಅಕ್ಕ ಬೇಡವೆಂದಳು.

"ನನ್ನ ದನಿ ಕೇಳಿದ್ರೆ ಜಾಸ್ತಿ ಅಳ್ತಾಳೆ. ಎರಡು ದಿನ ಅಳ್ತಾಳೆ, ಆಮೇಲೆ ಸರಿ ಹೋಗ್ತಾಳೆ. ನೀನು ಗಟ್ಟಿಯಾಗಿರು. ಬಿಡಬೇಡ."

"ಊಟ ಮಾಡ್ತಿಲ್ಲ ಅಕ್ಕ."

"ಮುದ್ದೆ ಬಿಸಿ ಇರಬಾರ್ದು. ತುಪ್ಪ ಹಾಕು. ತಟ್ಟೇಲಿ ಬೇಡ, ಅಂಗೈಯಲ್ಲಿ ಇಟ್ಟು ಕೊಡು." ಅಷ್ಟು ಹೇಳಿದವಳೇ ಫೋನು ಇಟ್ಟಳು.

ಅಂಗೈಯಲ್ಲಿ ಇಟ್ಟು ಕೊಟ್ಟೆ. ನಾಲ್ಕು ತುತ್ತು ತಿಂದಳು. ಮರುದಿನವೂ ಹಾಗೇ. ಹಗಲು ಆಟ, ಸಂಜೆ ಅಳು. ಅಳುವಿನ ಜೊತೆಗೆ ಎದೆಯಲ್ಲಿ ಆ ಹಳೇ ಸದ್ದು ಸಣ್ಣಗೆ ಬಂತು. ಮನೆಯಲ್ಲಿ ಹೊಗೆಯಿರಲಿಲ್ಲ, ಸುಣ್ಣವಿರಲಿಲ್ಲ. ಬರೀ ಅಳುವಿಗೇ ಬಂದಿತ್ತು. ಮೂರನೇ ದಿನ ಬೆಳಿಗ್ಗೆ ಅವಳು ಎದ್ದಾಗ, ಹಲ್ಲುಜ್ಜಿಸಿ, ಎರಡು ಜಡೆ ಹಾಕಿ, ಬಟ್ಟೆಯ ಚೀಲ ಎತ್ತಿಕೊಂಡೆ. ಗಂಡ ಬಸ್ ಸ್ಟಾಪಿನವರೆಗೆ ಚೀಲ ಹಿಡಿದುಕೊಂಡು ಬಂದರು.

ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಬಂಡೆಗಳನ್ನು ತೋರಿಸಿದಳು, ಟೊಮೆಟೊ ಲಾರಿಗಳನ್ನು ಎಣಿಸಿದಳು. ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಕೂತಳು. ಇಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಅಷ್ಟು ಖುಷಿಯಾಗಿದ್ದದ್ದು ಅದೊಂದೇ ಸಲ.

ಅಕ್ಕ ಬಾಗಿಲಲ್ಲಿ ಕಾಳು ಆರಿಸುತ್ತಾ ಕೂತಿದ್ದಳು. ಮಗಳು ಓಡಿಹೋಗಿ ಬಿದ್ದ ರಭಸಕ್ಕೆ ಮೊರ ಮಗುಚಿತು. ಅಕ್ಕ ಅವಳನ್ನು ಅಪ್ಪಿಕೊಂಡು, ಅವಳ ತಲೆಯ ಮೇಲಿಂದ ನನ್ನನ್ನು ನೋಡಿದಳು. ಕಣ್ಣು ಊದಿಕೊಂಡಿದ್ದವು. ಆ ಮೂರು ದಿನ ಅವಳೂ ಉಂಡ ಹಾಗಿರಲಿಲ್ಲ.

ಮಗಳು ಬೀದಿಗೆ ಆಡಲು ಹೋದ ಮೇಲೆ ಇಬ್ಬರೂ ಕೂತು ಚೆಲ್ಲಿದ ಕಾಳು ಬಳಿದೆವು. ಇಷ್ಟು ವರ್ಷ ಬಾಯಿಗೆ ಬಾರದೆ ಉಳಿದಿದ್ದನ್ನು ಆಗ ಹೇಳಬೇಕೆನ್ನಿಸಿತು.

"ಅಕ್ಕ, ನೀನು ಇಲ್ದೇ ಇದ್ದಿದ್ರೆ ಅವಳು ಉಳೀತಿರ್ಲಿಲ್ಲ. ನನ್ನನ್ನೂ ನೀನೇ ಸಾಕಿದೆ, ಅವಳನ್ನೂ ನೀನೇ. ಈ ಋಣ ನಾನು ಹೆಂಗೆ..."

"ಹಾಗನ್ಬೇಡ" ಅಂದಳು ಅಕ್ಕ. ಕಾಳಿನಿಂದ ತಲೆ ಎತ್ತಲಿಲ್ಲ. "ಉಪಕಾರ, ಋಣ ಅಂತೆಲ್ಲ ಅನ್ಬೇಡ ಕಣೇ. ನೀನು ಹಾಗಂದ್ರೆ ಅವಳು ನಿನ್ನವಳು, ನಾನು ಇಟ್ಕೊಂಡಿದೀನಿ ಅಂತ ಆಗುತ್ತೆ. ಆಮೇಲೆ ನಾನು ವಾಪಸ್ ಕೊಡ್ಬೇಕಾಗುತ್ತೆ. ನನ್ನ ಕೈಲಿ ಆಗಲ್ಲ."

ಅವಳು ಸೆರಗಲ್ಲಿ ಮೂಗು ಒರೆಸಿಕೊಂಡು ಎದ್ದು ನನಗೆ ಕಾಫಿ ಮಾಡಿ ತಂದಳು. ಸಕ್ಕರೆ ಹಾಕಲು ಮರೆತಿದ್ದಳು. ಹಾಗೇ ಕುಡಿದೆ. ಹೊರಡುವಾಗ ಮಗಳನ್ನು ಕರೆದೆ. ಆಟದ ಮಧ್ಯೆ ಬಂದು ಮುತ್ತು ಕೊಟ್ಟು, ಭಾನುವಾರ ಬರುವಾಗ ಕಬ್ಬು ತರಬೇಕೆಂದು ಹೇಳಿ ಓಡಿದಳು. ಈ ಸಲ ಕಣ್ಣು ತಪ್ಪಿಸಿ ಬರುವ ಅಗತ್ಯ ಬೀಳಲಿಲ್ಲ.

ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದು ಚಳಿ ಹತ್ತಿತ್ತು. ಅತ್ತೆ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದರು.

"ಉಸಿರು ಹೆಂಗದೆಯಮ್ಮಾ ಮಗೂಗೆ?"

"ಚೆನ್ನಾಗಿದೆ ಅತ್ತೆ."

"ಅಷ್ಟೇ ಅಲ್ವಾ ಬೇಕಾಗಿದ್ದು. ದೇವರು ದೊಡ್ಡವನು."

ಹೌದು ಅಂದೆ. ಸುಳ್ಳಲ್ಲ ಅದು. ಅಷ್ಟೇ ಬೇಕು ಎಂದು ನಾನೇ ಆಸ್ಪತ್ರೆಯ ಮಂಚದ ಪಕ್ಕ ಕೂತು ಹರಸಿಕೊಂಡಿದ್ದೆ.

ಗಂಡ ಹೊಲದಿಂದ ಬಂದು ಕೈಕಾಲು ತೊಳೆದರು. ಊಟ ಮಾಡುವಾಗ, ತಟ್ಟೆ ನೋಡುತ್ತಲೇ ಕೇಳಿದರು.

"ಸೊಪ್ಪು ಬಲಿತು ಹೋಗ್ತಿದೆ. ಮರಿಹುಳ ತರೋಣ್ವಾ?"

"ತನ್ನಿ" ಅಂದೆ.

ಮುಂದಿನ ವಾರ ಹೊಸ ಶೆಡ್ಡಿಗೆ ಹುಳುಗಳು ಬಂದವು. ಹೀಟರ್ ಹಾಕಿದೆವು. ಅಂಥ ಚಳಿಯಲ್ಲೂ ಒಂದೂ ರೋಗ ಬೀಳದೆ ಬೆಳೆ ಚೆನ್ನಾಗಿ ಬಂತು. ನೋಡಿದವರೆಲ್ಲ ಹಾಗೇ ಅಂದರು.